ಹಳೆಯ ವಿಮಾನ ಜಾಕೆಟ್: ಬಿಲ್ಲೆ ಬಿಡಿ, ಹೊಲಿಗೆ ನೋಡಿ

ಹುಬ್ಬಳ್ಳಿಯಿಂದ ನರಗುಂದದ ಮೇಲೆ ಹಾದು ವಿಜಯಪುರ, ಸೊಲ್ಲಾಪುರದ ಕಡೆ ಹೋಗುವ ಹೆದ್ದಾರಿ ಗದಗ ಜಿಲ್ಲೆಯ ಕೊಣ್ಣೂರಿನ ಬಳಿ ಮಲಪ್ರಭೆಯನ್ನು ದಾಟುತ್ತದೆ. ಎರೆಹೊಲಗಳ ಬಯಲು, ಗಾಳಿಗೆ ಅಡ್ಡವೆಂಬುದೇ ಇಲ್ಲ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಬೈಕ್ ಹತ್ತಿದವರಿಗೆ ಇಲ್ಲಿ ಸ್ವೆಟರ್ ಸಾಲುವುದಿಲ್ಲ. ಸ್ವೆಟರ್ ಮೈಯ ಶಾಖ ಹಿಡಿದಿಡುತ್ತದೆ, ಗಾಳಿಯನ್ನು ಮಾತ್ರ ತಡೆಯದು. ಗಾಳಿ ತಡೆಯಲೆಂದೇ ಹುಟ್ಟಿದ ಉಡುಪು ವಿಮಾನ ಚಾಲಕರ ಜಾಕೆಟ್: ಸೊಂಟದ ತನಕ ಮಾತ್ರ ಉದ್ದ, ಮಣಿಕಟ್ಟಿಗೂ ಸೊಂಟಕ್ಕೂ ಬಿಗಿಯಾಗಿ ಕೂರುವ ಉಣ್ಣೆಯ ಪಟ್ಟಿ, ಎದೆಗೆ ಜಿಪ್. ಗಂಟೆಗಟ್ಟಲೆ ಕುಳಿತೇ ಇರುವವರಿಗಾಗಿ ಕತ್ತರಿಸಿದ ಬಟ್ಟೆಯಾದ್ದರಿಂದ ಕುಳಿತಾಗ ಹೊಟ್ಟೆಯ ಹತ್ತಿರ ಮುದುಡುವುದಿಲ್ಲ. ಬೈಕ್ ಸವಾರರು ಇದನ್ನು ಮೆಚ್ಚಿಕೊಳ್ಳಲು ಸಿನಿಮಾ ಅರ್ಧ ಕಾರಣ, ಈ ಅನುಕೂಲ ಇನ್ನರ್ಧ. ಬಾಯಿಮಾತಿನಲ್ಲಿ ಎಲ್ಲಕ್ಕೂ ‘ಬಾಂಬರ್ ಜಾಕೆಟ್’ ಎಂಬ ಒಂದೇ ಹೆಸರು. ಹೊಸದಾಗಿ ಕೊಳ್ಳಲು ಹೋದರೆ ಒಳ್ಳೆಯ ಚರ್ಮದ್ದು ದುಬಾರಿ. ಹಾಗಾಗಿ ಬಳಸಿ ಬಿಟ್ಟದ್ದನ್ನು ಆನ್‌ಲೈನ್‌ನಲ್ಲೋ ದೊಡ್ಡ ಊರುಗಳ ಹಳೆಬಟ್ಟೆ ಅಂಗಡಿಗಳಲ್ಲೋ ಹುಡುಕುವವರು ಹೆಚ್ಚುತ್ತಿದ್ದಾರೆ. ಹುಡುಕುವುದು ಸರಿಯೇ. ಆದರೆ ಬಹುಪಾಲು ಜನ ದುಡ್ಡು ಕೊಡುವುದು ಎದೆಯ ಮೇಲಿನ ಬಿಲ್ಲೆಗೆ, ಬೆನ್ನಿನ ಮೇಲಿನ ಚಿತ್ರಕ್ಕೆ, ಮಾರುವವ ಹೇಳುವ ಕಥೆಗೆ. ನೋಡಬೇಕಾದದ್ದು ಹೊಲಿಗೆ, ಚರ್ಮ ಮತ್ತು ಒಳಮೈ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಮಾರುಕಟ್ಟೆಯಲ್ಲಿ ಸಿಗುವ ವಿಮಾನ ಜಾಕೆಟ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಪ್ರತಿಕೃತಿಗಳು. ಅಮೆರಿಕದ ಸೇನಾ ವಾಯುದಳ ಎ-2 ಎಂಬ ಚರ್ಮದ ಜಾಕೆಟನ್ನು ಅಂಗೀಕರಿಸಿದ್ದು 1931ರಲ್ಲಿ; 1943ರಲ್ಲಿ ಅದರ ಖರೀದಿ ನಿಂತು ಬಟ್ಟೆಯ ಜಾಕೆಟ್‌ಗಳು ಬಂದವು. ಆ ಹನ್ನೆರಡು ವರ್ಷಗಳಲ್ಲಿ ಹೊಲಿದು ಇಂದಿಗೂ ಉಳಿದಿರುವವು ಸಂಗ್ರಹಕಾರರ ಕಪಾಟಿನಲ್ಲೋ ಮ್ಯೂಸಿಯಂನಲ್ಲೋ ಇವೆ. ಹಳೆಯ ಮಾದರಿಗಳನ್ನು ಹಾಗೆಯೇ ಮರುಹೊಲಿಯುವ ಕಸುಬು ಕಳೆದ ನಾಲ್ಕೈದು ದಶಕಗಳಲ್ಲಿ ಬೆಳೆಯಿತು. ಬ್ರಿಟನ್ನಿನ ಈಸ್ಟ್‌ಮನ್, ಏರೋ ಲೆದರ್, ಜಪಾನಿನ ರಿಯಲ್ ಮೆಕಾಯ್ಸ್, ಬಜ್ ರಿಕ್ಸನ್ಸ್ ಇವರೆಲ್ಲ ಅದರಲ್ಲಿ ಹೆಸರು ಮಾಡಿದವರು. ಜಪಾನೀಯರ ಶ್ರದ್ಧೆ ಎಷ್ಟೆಂದರೆ ಜಿಪ್‌ನ ಹಲ್ಲಿನ ಆಕಾರವನ್ನೂ ಹಳೆಯದಕ್ಕೆ ಹೊಂದಿಸುತ್ತಾರೆ. ವಿಲಿಯಂ ಗಿಬ್ಸನ್ 2003ರ ತಮ್ಮ ‘ಪ್ಯಾಟರ್ನ್ ರೆಕಗ್ನಿಷನ್’ ಕಾದಂಬರಿಯ ನಾಯಕಿಗೆ ಬಜ್ ರಿಕ್ಸನ್ಸ್‌ನ ಕಪ್ಪು ಎಂಎ-1 ಜಾಕೆಟ್ ತೊಡಿಸಿದರು. ಅಂಥ ಕಪ್ಪು ಜಾಕೆಟ್ ಆ ಕಂಪನಿಯಲ್ಲಿ ಇರಲೇ ಇಲ್ಲ. ಓದುಗರು ಕೇಳತೊಡಗಿದ ಮೇಲೆ ಕಂಪನಿ ಅದನ್ನು ತಯಾರಿಸಿತು. ಮೂಲವೇ ಇಲ್ಲದ ಪ್ರತಿಕೃತಿ! ಜನ ಅದನ್ನು ಕೊಂಡದ್ದು ಹೊಲಿಗೆ, ಬಟ್ಟೆ, ಕೂರುವ ಅಂದಕ್ಕಾಗಿ, ಅದರ ಹಿಂದೆ ಯಾವ ಯುದ್ಧದ ಚರಿತ್ರೆಯೂ ಇರಲಿಲ್ಲ. ಪ್ರತಿಕೃತಿಯ ಬೆಲೆ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇದರಿಂದ ಕೊಳ್ಳುವವರಿಗೆ ಒಂದು ಸ್ವಾತಂತ್ರ್ಯ ಸಿಗುತ್ತದೆ. 1942ರ ಅಸಲಿ ಜಾಕೆಟ್ ಕೈಗೆ ಬಂದರೆ ಅದರ ಹರಿದ ಅಸ್ತರವನ್ನು ಬದಲಿಸುವುದೂ ಒಂದು ದಾಖಲೆಯನ್ನು ಅಳಿಸಿದಂತೆ. ಮುಟ್ಟದೆ ಇಡುವುದೇ ಮೇಲು. ಪ್ರತಿಕೃತಿಗೆ ಆ ಮಡಿ ಇಲ್ಲ. ಸವೆಯುವ ಭಾಗಗಳನ್ನು ಬಿಚ್ಚಿ ಹೊಸದು ಹಾಕಬಹುದು, ಅಳತೆ ತಿದ್ದಬಹುದು, ತೊಟ್ಟು ಓಡಾಡಬಹುದು. ಯುದ್ಧಕಾಲದ ಸೇನಾ ಡಿಪೋಗಳೂ ಜಾಕೆಟ್‌ಗಳಿಗೆ ಹೊಸ ಉಣ್ಣೆಪಟ್ಟಿ, ಹೊಸ ಜಿಪ್ ಹಾಕಿ ಮತ್ತೆ ಹಂಚುತ್ತಿದ್ದವು. ಬಳಕೆಯ ವಸ್ತುವನ್ನು ಬಳಕೆಗೆ ಮರಳಿಸುವುದು ಆ ಉಡುಪಿನ ಮೂಲ ಸಂಪ್ರದಾಯವೇ ಆಗಿದೆ.

ನಮ್ಮ ರಾಜ್ಯದಲ್ಲೇ ಇದಕ್ಕೊಂದು ದೊಡ್ಡ ನಿದರ್ಶನವಿದೆ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ತೆರೆದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಆಡಳಿತ 1943ರಲ್ಲಿ ಅಮೆರಿಕದ ಸೇನಾ ವಾಯುದಳದ ಕೈಗೆ ಹೋಯಿತು. 84ನೇ ಏರ್ ಡಿಪೋ ಎಂಬ ಹೆಸರಿನಲ್ಲಿ ಅಲ್ಲಿ ಯುದ್ಧ ಮುಗಿಯುವವರೆಗೂ ವಿಮಾನಗಳ ದುರಸ್ತಿ ನಡೆಯಿತು. ಕರ್ನಾಟಕದ ಕಾರ್ಮಿಕರು ಎ-2 ಜಾಕೆಟ್ ತೊಟ್ಟವರ ಜೊತೆ ಕೆಲಸ ಮಾಡಿದ ಕಾಲ ಅದು. ಯುದ್ಧ ಮುಗಿದ ಮೇಲೆ ಕಾನ್ಪುರದ ಚಕೇರಿಯಲ್ಲಿ ಬೇಕೆಂದೇ ಜಖಂ ಮಾಡಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳನ್ನು ಇದೇ ಕಾರ್ಖಾನೆಯವರು ಹಾರುವಷ್ಟರ ಮಟ್ಟಿಗೆ ಸರಿಪಡಿಸಿದರು. ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದ ಪೈಲಟ್ ಜಮ್ಷೆಡ್ ಮುನ್ಷಿ. ಬೆಂಗಳೂರಿನಲ್ಲಿ ಪೂರ್ಣ ದುರಸ್ತಿಯಾದ ಮೇಲೆ 1948ರಲ್ಲಿ ಅವು ಭಾರತೀಯ ವಾಯುಪಡೆಯನ್ನು ಸೇರಿ 1968ರವರೆಗೆ ದುಡಿದವು. ನಿವೃತ್ತಿಯ ನಂತರ ಒಂದು ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂಗೂ ಇನ್ನೊಂದು ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂಗೂ ಹೋದವು. ಆ ಎಂಜಿನಿಯರರು ಬಣ್ಣ ಬಳಿಯುವುದರಿಂದ ಕೆಲಸ ಶುರುಮಾಡಲಿಲ್ಲ. ಭಾರ ಹೊರುವ ಭಾಗ ಯಾವುದು, ಚಲಿಸುವ ಭಾಗ ಯಾವುದು ಎಂದು ನೋಡಿದರು. ಜಾಕೆಟ್ ದುರಸ್ತಿಯ ಕ್ರಮವೂ ಇದೇ ಇರಬೇಕು ಎಂಬುದು ಈ ಲೇಖನದ ವಾದ.

ಕೊಳ್ಳುವ ಮುನ್ನ ಯಾವ ಬಗೆ ಎಂದು ತೀರ್ಮಾನಿಸಿಕೊಳ್ಳಿ. ಎ-2 ನಯವಾದ ಚರ್ಮದ್ದು: ಬೆನ್ನು ಒಂದೇ ತುಂಡು, ಕಾಲರಿನ ತುದಿಗೆ ಪ್ರೆಸ್ ಬಟನ್, ಭುಜಪಟ್ಟಿ, ಮುಂದೆ ಮುಚ್ಚಳವಿರುವ ಎರಡು ಕಿಸೆ. ಯುದ್ಧಕಾಲದ ಮಾದರಿಯಲ್ಲಿ ಕೈ ಬೆಚ್ಚಗಿಡುವ ಪಕ್ಕದ ಕಿಸೆ ಇರಲಿಲ್ಲ. ಅಮೆರಿಕದ ನೌಕಾಪಡೆಯ ಜಿ-1 ಆಡಿನ ಚರ್ಮದ್ದು, ಕಾಲರಿಗೆ ತುಪ್ಪಳ, ತೋಳು ಚಾಚಲು ಅನುಕೂಲವಾಗುವಂತೆ ಬೆನ್ನಿನಲ್ಲಿ ನೆರಿಗೆ. 1986ರ ‘ಟಾಪ್ ಗನ್’ ಸಿನಿಮಾ ಇದನ್ನು ಮನೆಮಾತಾಗಿಸಿತು. ತುಪ್ಪಳ ಒಳಗಿರುವ ಕುರಿಚರ್ಮದ ಬಿ-3, ಬ್ರಿಟಿಷರ ಇರ್ವಿನ್ ಜಾಕೆಟ್‌ಗಳು ಬಿಸಿಯೇ ಇಲ್ಲದ ವಿಮಾನದಲ್ಲಿ ಇಪ್ಪತ್ತು ಸಾವಿರ ಅಡಿ ಎತ್ತರಕ್ಕೆ ಹೋಗುವವರಿಗೆ ಹೊಲಿದಂಥವು. ಗದಗ ಜಿಲ್ಲೆಯಲ್ಲಿ ಅವನ್ನು ಕೊಳ್ಳುವುದು ಹಣ ಹಾಳು. ಎಂಎ-1 ನೈಲಾನಿನದು, 1950ರ ದಶಕದ್ದು. ಮುಂದೆ ಅದರ ಅಸ್ತರ ಕಿತ್ತಳೆ ಬಣ್ಣಕ್ಕೆ ತಿರುಗಿತು, ಅಪಘಾತವಾದರೆ ತಿರುವಿ ತೊಟ್ಟು ರಕ್ಷಣಾ ತಂಡದ ಕಣ್ಣಿಗೆ ಬೀಳಲೆಂದು. ನಮ್ಮ ಹವೆಗೆ ಎ-2 ಅಥವಾ ಎಂಎ-1 ಸಾಕು. ಚರ್ಮ ಬೇಡವೆನ್ನುವವರಿಗೆ ಎಂಎ-1 ನೇರ ಉತ್ತರ: ಹಗುರ, ತಣ್ಣೀರಿನಲ್ಲಿ ಕೈಯಿಂದ ತೊಳೆಯಬಹುದು, ದುರಸ್ತಿಯೂ ಸುಲಭ. ಚರ್ಮದ ಜಾಕೆಟ್‌ನ ಪರವಾಗಿ ಹೇಳಬಹುದಾದ್ದು ಇಷ್ಟು: ಬೈಕಿನಿಂದ ಬಿದ್ದಾಗ ರಸ್ತೆಗೆ ಉಜ್ಜಿದರೆ ನೈಲಾನ್ ಕರಗಿ ಹರಿಯುತ್ತದೆ, ಚರ್ಮ ತಡೆದುಕೊಳ್ಳುತ್ತದೆ. ಹಾಗೆಂದು ಅದು ಸವಾರರ ರಕ್ಷಣಾ ಜಾಕೆಟ್ ಅಲ್ಲ, ಮೊಣಕೈ ಭುಜಗಳಿಗೆ ಅದರಲ್ಲಿ ಕವಚವಿಲ್ಲ.

ಎರಡನೆಯದು ಚರ್ಮದ ಪರೀಕ್ಷೆ. ಇಲ್ಲಿ ಅವಸರ ಸಲ್ಲದು. ಅಗ್ಗಕ್ಕೆ ಬರುವುದರಲ್ಲಿ ದೊಡ್ಡ ಪಾಲು ನಾವು ರೆಗ್ಜಿನ್ ಎನ್ನುವ ಬಟ್ಟೆಯದು, ಅಂದರೆ ನೇಯ್ದ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪದರ. ಕೆಲವೇ ವರ್ಷಗಳಲ್ಲಿ ಗಾಳಿಯ ತೇವವೇ ಆ ಪದರವನ್ನು ಒಡೆದು ಹೊಪ್ಪಳಿಕೆಯಂತೆ ಉದುರಿಸುತ್ತದೆ. ಒಮ್ಮೆ ಸುಲಿಯಲು ಶುರುವಾದ ರೆಗ್ಜಿನ್‌ಗೆ ಜಗತ್ತಿನಲ್ಲಿ ಯಾವ ಮದ್ದೂ ಇಲ್ಲ. ಕಾಲರಿನ ಮಡಿಕೆಯಲ್ಲಿ ಒಂದು ಚೂರು ಎದ್ದಿದ್ದರೂ ಬಿಟ್ಟುಬಿಡಿ. ಗುರುತಿಸುವುದು ಹೇಗೆ? ಕಿಸೆಯ ಒಳಬದಿಯಲ್ಲೋ ಜಿಪ್‌ನ ಬುಡದಲ್ಲೋ ಕತ್ತರಿಸಿದ ಅಂಚು ಕಾಣುತ್ತದೆ. ಅಲ್ಲಿ ನಾರುನಾರಾಗಿ, ತುಸು ಮಖಮಲ್ಲಿನಂತೆ ಇದ್ದರೆ ಚರ್ಮ; ನೂಲಿನ ನೇಯ್ಗೆ ಕಂಡರೆ ರೆಗ್ಜಿನ್. ಹೊರಮೈಯ ರೋಮರಂಧ್ರಗಳು ಎಲ್ಲ ಕಡೆ ಒಂದೇ ಸಮನಾಗಿದ್ದರೆ ಅದು ಯಂತ್ರ ಒತ್ತಿದ ಗುರುತು; ನಿಜವಾದ ಚರ್ಮದಲ್ಲಿ ಬೆನ್ನಿನ ತುಂಡಿಗೂ ತೋಳಿನ ತುಂಡಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಬೆಂಕಿಕಡ್ಡಿ ಹಚ್ಚಿ ನೋಡುವ ಹಳೆಯ ಉಪಾಯ ಬೇಡ, ಅಂಗಡಿಯವರೂ ಒಪ್ಪುವುದಿಲ್ಲ.

ಚರ್ಮವೆಂದು ಖಾತ್ರಿಯಾದ ಮೇಲೆ ಅದು ಜೀವಂತ ಇದೆಯೇ ಎಂದು ನೋಡಬೇಕು. ಬಿರುಕುಗಳಲ್ಲಿ ಎರಡು ಬಗೆ. ಮೇಲಿನ ಬಣ್ಣದ ಪದರ ಮಾತ್ರ ಬಿರಿದು ಕೂದಲೆಳೆಯಂಥ ಗೆರೆಗಳು ಮೂಡಿದ್ದರೆ ಅದು ವಯಸ್ಸಿನ ಗುರುತಷ್ಟೇ, ಹೆದರಬೇಕಿಲ್ಲ. ಎಷ್ಟೋ ಜನ ಅದಕ್ಕಾಗಿಯೇ ಹೆಚ್ಚು ಕೊಡುತ್ತಾರೆ. ಬಿರುಕಿನ ಬದಿಗಳನ್ನು ಹೆಬ್ಬೆರಳಿನಿಂದ ಅಗಲಿಸಿದಾಗ ಒಳಗಿನ ನಾರು ತೆರೆದುಕೊಂಡರೆ ಚರ್ಮವೇ ಒಣಗಿ ಸತ್ತಿದೆ ಎಂದರ್ಥ. ಗಿಡದ ತೊಗಟೆಯಿಂದ ಹದಮಾಡಿದ ಹಳೆಯ ಚರ್ಮಕ್ಕೆ ಇನ್ನೊಂದು ರೋಗ ಬರುತ್ತದೆ: ಹವೆಯಲ್ಲಿನ ಆಮ್ಲ ನಾರುಗಳನ್ನು ತಿಂದು, ಮುಟ್ಟಿದರೆ ಕೈಗೆ ಕೆಂಪು ಪುಡಿ ಹತ್ತುತ್ತದೆ. ಹಳೆಯ ಪುಸ್ತಕಗಳ ಚರ್ಮದ ರಟ್ಟಿನಲ್ಲಿ ಇದನ್ನು ಕಾಣಬಹುದು. ಅದು ಹಿಂದಿರುಗದ ದಾರಿ, ಎಷ್ಟು ಎಣ್ಣೆ ಸುರಿದರೂ ವ್ಯರ್ಥ. ಪರೀಕ್ಷೆಯ ಜಾಗ ಕಂಕುಳಿನ ಹೊಲಿಗೆ ಮತ್ತು ಕಾಲರಿನ ಮಡಿಕೆ, ಏಕೆಂದರೆ ಬೆವರು ಮತ್ತು ಎಳೆತ ಎರಡೂ ಬೀಳುವುದು ಅಲ್ಲೇ. ಹೊಲಿಗೆಯ ಎರಡೂ ಬದಿ ಹಿಡಿದು ಮೆಲ್ಲಗೆ ಎಳೆಯಿರಿ. ನೂಲು ಕಿತ್ತರೆ ಪರವಾಗಿಲ್ಲ, ನೂಲು ಅಗ್ಗ. ಸೂಜಿ ತೂತುಗಳ ಸಾಲಿನಲ್ಲಿ ಚರ್ಮವೇ ಅಂಚೆ ಚೀಟಿಯ ಹಾಗೆ ಹರಿದರೆ ಜಾಕೆಟ್ ಅಲ್ಲಿಗೆ ಮುಗಿಯಿತು.

ಅಳತೆಯ ವಿಷಯದಲ್ಲಿ ಕಾಲರಿನ ಚೀಟಿಯನ್ನು ನಂಬಬೇಡಿ. ಒಂದು ಕಂಪನಿಯ 40 ಇನ್ನೊಂದರ 42 ಆಗಿರಬಹುದು, ಹಳೆಯ ಮಾದರಿಗೆ ನಿಷ್ಠರಾದವರು ಇಂದಿನವರಿಗಿಂತ ಬಿಗಿಯಾಗಿ ಕತ್ತರಿಸುತ್ತಾರೆ. ಜಿಪ್ ಹಾಕಿ, ಜಾಕೆಟನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ, ಒಂದು ಕಂಕುಳಿನ ಹೊಲಿಗೆಯಿಂದ ಇನ್ನೊಂದಕ್ಕೆ ಅಳೆದು ಎರಡರಷ್ಟು ಮಾಡಿ. ನಿಮ್ಮ ಎದೆಯ ಸುತ್ತಳತೆಗಿಂತ ಅದು ನಾಲ್ಕು ಇಂಚು ಹೆಚ್ಚಿದ್ದರೆ ಅಂಗಿಯ ಮೇಲೆ ಸರಿಯಾಗಿ ಕೂರುತ್ತದೆ. ಭುಜದ ಅಗಲ, ತೋಳಿನ ಉದ್ದ, ಕಾಲರಿನ ಬುಡದಿಂದ ಸೊಂಟದ ಪಟ್ಟಿಯ ತುದಿವರೆಗಿನ ಬೆನ್ನಿನ ಉದ್ದ, ಇವನ್ನೂ ಮಾರುವವರಿಂದ ಕೇಳಿ ಪಡೆಯಿರಿ. ತೋಳು ಉದ್ದವಿದ್ದರೆ ತಿದ್ದಬಹುದು. ಭುಜ ಚಿಕ್ಕದಿದ್ದರೆ ಯಾವ ಟೇಲರೂ ಏನೂ ಮಾಡಲಾರ. ಆನ್‌ಲೈನ್‌ನಲ್ಲಿ ಕೊಳ್ಳುವವರು ಕಂಕುಳು, ಕಾಲರ್ ಮಡಿಕೆ, ಉಣ್ಣೆಪಟ್ಟಿ, ಜಿಪ್‌ನ ಬುಡ, ಅಸ್ತರ ಈ ಐದರ ಚಿತ್ರವನ್ನು ಹಗಲು ಬೆಳಕಿನಲ್ಲಿ ಕೇಳಬೇಕು. ಕಳಿಸಲು ಸಬೂಬು ಹೇಳುವವರಿಂದ ಕೊಳ್ಳಬೇಡಿ. ವಿದೇಶದಿಂದ ತರಿಸುವ ಯೋಚನೆಯಿದ್ದರೆ, ಬಳಸಿದ ಬಟ್ಟೆಗಳ ಆಮದಿಗೆ ನಮ್ಮ ದೇಶದಲ್ಲಿ ನಿರ್ಬಂಧವಿದೆ ಎಂಬುದು ನೆನಪಿರಲಿ. ಸುಂಕ, ಸಾಗಣೆ ಸೇರಿ ಅಗ್ಗದ ಮಾಲು ದುಬಾರಿಯಾಗುವುದೂ ಉಂಟು.

ಈಗ ಬಿಲ್ಲೆಗಳ ವಿಚಾರ. ಚೀನಾ-ಬರ್ಮಾ-ಭಾರತ ರಣರಂಗದ ಅಮೆರಿಕನ್ ವೈಮಾನಿಕರು ಎದೆಗೂ ಬೆನ್ನಿಗೂ ಹಚ್ಚಿಕೊಂಡ ಚರ್ಮದ ಬಿಲ್ಲೆಗಳಲ್ಲಿ ಎಷ್ಟೋ ಭಾರತದ ಪೇಟೆಗಳಲ್ಲೇ ಇಲ್ಲಿನ ಕಸುಬುದಾರರು ಕತ್ತರಿಸಿ ಹೊಲಿದಂಥವು. ಅಂದು ಸುಲಭವಾಗಿ ಮಾಡಿದ್ದನ್ನು ಇಂದೂ ಸುಲಭವಾಗಿ ಮಾಡಬಹುದು. ಅದಕ್ಕೇ ಬಿಲ್ಲೆ ಎಲ್ಲಕ್ಕಿಂತ ದುರ್ಬಲ ಪುರಾವೆ. ಮೇಲಾಗಿ ಚರ್ಮಕ್ಕೆ ಬಿದ್ದ ಸೂಜಿ ತೂತು ಬಟ್ಟೆಯ ತೂತಿನಂತೆ ಮುಚ್ಚಿಕೊಳ್ಳುವುದಿಲ್ಲ, ಬೇಡದ ಬಿಲ್ಲೆ ಕಿತ್ತರೆ ಗುರುತು ಉಳಿದೇ ಉಳಿಯುತ್ತದೆ. ಖಾಲಿ ಜಾಕೆಟ್ ಸಿಕ್ಕರೆ ಅದನ್ನೇ ಆರಿಸಿ. ಸೇನೆಯ ಉಡುಪು ನಾಗರಿಕರು ತೊಡುವುದು ತಪ್ಪಲ್ಲವೇ ಎಂದು ಕೇಳುವವರಿದ್ದಾರೆ, ಪ್ರಶ್ನೆ ನ್ಯಾಯವಾದದ್ದು. ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ, ಸೈನಿಕನಲ್ಲದವನು ತಾನು ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೇನೆಯ ಉಡುಪನ್ನೋ ಲಾಂಛನವನ್ನೋ ಹೋಲುವಂಥದ್ದನ್ನು ಧರಿಸಿದರೆ ಮೂರು ತಿಂಗಳವರೆಗೆ ಸೆರೆ, ಎರಡು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ತಪ್ಪಿರುವುದು ನಂಬಿಸುವ ಉದ್ದೇಶದಲ್ಲಿ. ಎಂಬತ್ತು ವರ್ಷ ಹಿಂದಿನ ಅಮೆರಿಕನ್ ಮಾದರಿಯ ಕಂದು ಜಾಕೆಟ್ ತೊಟ್ಟವರನ್ನು ಯಾರೂ ಯೋಧನೆಂದು ತಿಳಿಯರು. ಆದರೆ ಭಾರತೀಯ ವಾಯುಪಡೆಯ ರೆಕ್ಕೆ ಚಿಹ್ನೆ, ಸ್ಕ್ವಾಡ್ರನ್ ಬಿಲ್ಲೆ, ದರ್ಜೆಯ ಪಟ್ಟಿ ಹಚ್ಚಿಕೊಂಡು ತಿರುಗುವುದು ಬೇರೆ ಮಾತು. 2022ರ ಸೇನಾ ದಿನದಂದು ತೋರಿಸಿದ ಹೊಸ ಯುದ್ಧ ಸಮವಸ್ತ್ರದ ವಿನ್ಯಾಸವನ್ನು ಭೂಸೇನೆ ತನ್ನ ಹೆಸರಿಗೆ ನೋಂದಾಯಿಸಿಕೊಂಡಿದ್ದೂ ಈ ದುರ್ಬಳಕೆ ತಡೆಯಲೆಂದೇ. ಮನೆಯಲ್ಲಿ ಸೇನೆಯಲ್ಲಿ ದುಡಿದವರು ಇದ್ದರೆ ಅವರ ಬಿಲ್ಲೆಯನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿ, ಜಾಕೆಟಿಗೆ ಹಚ್ಚಬೇಡಿ.

ಜಾಕೆಟ್ ಮನೆಗೆ ಬಂತು. ಕೂಡಲೇ ಎಣ್ಣೆಯ ಬಾಟಲಿಗೆ ಕೈಹಾಕುವುದು ಎಲ್ಲರೂ ಮಾಡುವ ತಪ್ಪು. ಮೊದಲು ಅದನ್ನು ಉಳಿದ ಬಟ್ಟೆಗಳಿಂದ ದೂರವಿಡಿ. ಉಣ್ಣೆಯ ಪಟ್ಟಿಯಲ್ಲಿ ನುಸಿಯ ಮೊಟ್ಟೆ ಇದ್ದರೆ ಕಪಾಟಿನ ಸ್ವೆಟರ್, ಕಂಬಳಿಗೂ ದಾಟುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದೆರಡು ವಾರ ಇಟ್ಟರೆ ಹುಳು, ಮೊಟ್ಟೆ ಎರಡೂ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಬೇಡಿ, ತಣ್ಣಗಿನ ಚರ್ಮಕ್ಕೆ ನೀರು ಕಟ್ಟುತ್ತದೆ. ಬೂಷ್ಟು ಹಿಡಿದಿದ್ದರೆ ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೃದು ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಅಷ್ಟೇ ನೀರಿನೊಂದಿಗೆ ಬೆರೆಸಿ, ಹಿಂಡಿದ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸಿ. ಅದು ಬಣ್ಣವನ್ನೂ ಕರಗಿಸಬಹುದಾದ್ದರಿಂದ ಕಾಲರಿನ ಅಡಿಯಲ್ಲಿ ಮೊದಲು ಪರೀಕ್ಷಿಸಿ. ಸಾಮಾನ್ಯ ಕೊಳೆಗೆ ತುಸು ಒದ್ದೆ ಮಾಡಿದ ಹತ್ತಿ ಬಟ್ಟೆ ಸಾಕು. ಚರ್ಮದ ಸ್ವಭಾವ ತುಸು ಆಮ್ಲೀಯ, ಬಟ್ಟೆ ಸೋಪು ಕ್ಷಾರ, ಎರಡಕ್ಕೂ ಆಗಿಬರುವುದಿಲ್ಲ. ವಾಷಿಂಗ್ ಮಷಿನ್, ಇಸ್ತ್ರಿ, ಕೂದಲು ಒಣಗಿಸುವ ಯಂತ್ರ ಇವುಗಳ ಹತ್ತಿರ ಒಯ್ಯಲೇಬೇಡಿ. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ನಾರು ಸುರುಟಿಕೊಂಡು ಗಟ್ಟಿಯಾಗುತ್ತದೆ.

ಎಣ್ಣೆಯ ಕುರಿತು ನಮ್ಮ ಕಡೆ ಗಟ್ಟಿಯಾದ ನಂಬಿಕೆಯೊಂದಿದೆ: ಚರ್ಮವೆಂದರೆ ಹರಳೆಣ್ಣೆ ಕುಡಿಸಬೇಕು. ಚಪ್ಪಲಿಯ ಮಟ್ಟಿಗೆ ಅದು ನಿಜ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕೊಲ್ಲಾಪುರಿ ಚಪ್ಪಲಿಯ ಎಂಟು ಜಿಲ್ಲೆಗಳಲ್ಲಿ ನಾಲ್ಕು ನಮ್ಮವೇ, ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ಅದರ ದಪ್ಪ ತೊಗಲು ಎಣ್ಣೆಯನ್ನು ಹೀರಿ ಮೆತ್ತಗಾಗುತ್ತದೆ. ಜಾಕೆಟಿನದು ಒಂದು ಮಿಲಿಮೀಟರ್ ಆಸುಪಾಸಿನ ತೆಳು ಚರ್ಮ, ಬಹುಪಾಲು ಕ್ರೋಮಿಯಂ ಲವಣದಿಂದ ಹದವಾದದ್ದು, ಬೇಕಾದ ಜಿಡ್ಡನ್ನು ಕಾರ್ಖಾನೆಯಲ್ಲೇ ಉಂಡಿರುತ್ತದೆ. ಅದಕ್ಕೆ ಮೇಲಿಂದ ಎಣ್ಣೆ ಸುರಿದರೆ ಬಣ್ಣ ಕಪ್ಪಾಗುತ್ತದೆ, ನಾರು ಸಡಿಲವಾಗಿ ತೂತುಗಳು ಅಗಲವಾಗುತ್ತವೆ, ನೂಲು ಕೊಳೆಯುತ್ತದೆ, ಎರೆಮಣ್ಣಿನ ನುಣುಪು ಧೂಳು ಅಂಟಿ ಕೆಸರಿನಂತಾಗುತ್ತದೆ. ಕೊಬ್ಬರಿ ಎಣ್ಣೆಯಾದರೆ ಕಮಟು ವಾಸನೆ ಬೇರೆ. ಮರೆಯ ಜಾಗದಲ್ಲಿ ಒಂದು ಹನಿ ನೀರಿಡಿ: ಹೀರಿಕೊಂಡು ಕಪ್ಪಾದರೆ ಚರ್ಮದ ಮೇಲೆ ಬಣ್ಣದ ಪದರ ತೆಳುವಾಗಿದೆ, ಚರ್ಮಕ್ಕೆಂದೇ ಇರುವ ಕ್ರೀಮನ್ನು ತೆಳ್ಳಗೆ ಒಮ್ಮೆ ಹಚ್ಚಿ ಒಂದು ದಿನ ಬಿಡಿ. ಹನಿ ಹಾಗೇ ಕುಳಿತರೆ ಮೇಲೆ ಬಣ್ಣದ ಪದರವಿದೆ, ಏನು ಹಚ್ಚಿದರೂ ಒಳಗೆ ಹೋಗದು. ಒರೆಸಿ ಇಡಿ, ಸಾಕು. ಮಾಸಿದೆಯೆಂದು ಮತ್ತೆ ಬಣ್ಣ ಬಳಿಸುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಜಾಕೆಟಿನಲ್ಲಿ ಬದಲಿಸಲಾಗದ ಭಾಗ ಚರ್ಮವೊಂದೇ; ಅದಕ್ಕೆ ಕಡಿಮೆ ಮಾಡಿದಷ್ಟೂ ಒಳ್ಳೆಯದು. ಉಳಿದದ್ದೆಲ್ಲ ಬದಲಿಸಲೆಂದೇ ಇರುವುದು.

ಬದಲಿಸುವುದರಲ್ಲಿ ಮೊದಲ ಸರದಿ ಜಿಪ್‌ನದು, ನಮ್ಮ ಕಡೆಯ ಮಾತಿನಲ್ಲಿ ಚೈನು. ಹಾಕಿದ ಮೇಲೂ ಹಿಂದಿನಿಂದ ಬಾಯಿ ಬಿಡುತ್ತಿದ್ದರೆ ಹಲ್ಲುಗಳು ಕೆಟ್ಟಿವೆ ಎಂದು ತಿಳಿಯಬೇಡಿ. ಹೆಚ್ಚಾಗಿ ಸವೆದಿರುವುದು ರನ್ನರ್. ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಧೂಳು ತೆಗೆದು, ರನ್ನರಿನ ಎರಡೂ ಬದಿಯನ್ನು ಇಕ್ಕಳದಿಂದ ಚೂರೇ ಚೂರು ಅಮುಕಿ, ಹಲ್ಲುಗಳಿಗೆ ಮೇಣದಬತ್ತಿ ಉಜ್ಜಿ ನೋಡಿ. ಆಗಲಿಲ್ಲವೆಂದರೆ ರನ್ನರ್ ಮಾತ್ರ ಬದಲಿಸಿ, ಬ್ಯಾಗ್ ದುರಸ್ತಿಯವರ ಬಳಿ ಸಿಗುತ್ತದೆ. ಹಲ್ಲುಗಳೇ ಉದುರಿದ್ದರೆ ಮಾತ್ರ ಪೂರ್ತಿ ಜಿಪ್. ಆಗ ಕೆಳಗಿನ ಹಲ್ಲಿನಿಂದ ಮೇಲಿನದರವರೆಗೆ ಉದ್ದ ಅಳೆದು, ಕೆಳಗೆ ಪೂರ್ತಿ ಬಿಚ್ಚಿಕೊಳ್ಳುವ ಹಿತ್ತಾಳೆಯದನ್ನು ತನ್ನಿ. ಟೇಲರಿಗೆ ಒಂದು ಮಾತು ಒತ್ತಿ ಹೇಳಬೇಕು: ಹಳೆಯ ತೂತುಗಳಲ್ಲೇ ಹೊಲಿಗೆ ಬೀಳಬೇಕು. ಮೋಟಾರ್ ಓಡಿಸಿದರೆ ಸೂಜಿ ಹೊಸ ತೂತು ಕೊರೆಯುತ್ತದೆ, ಎರಡು ಸಾಲು ತೂತು ಒಟ್ಟೊಟ್ಟಿಗೆ ಬಿದ್ದರೆ ನಡುವಿನ ಚರ್ಮ ಹರಿಯುತ್ತದೆ. ಕೈಯಿಂದ ಚಕ್ರ ತಿರುಗಿಸುತ್ತ ಒಂದೊಂದೇ ಹೊಲಿಗೆ ಹಾಕಬೇಕು, ಅಥವಾ ಮೊಂಡು ಸೂಜಿಯಿಂದ ಕೈಹೊಲಿಗೆ. ನೂಲು ತೀರ ಗಟ್ಟಿಯಾದ ನೈಲಾನಿನದ್ದಾದರೆ ಎಳೆತ ಬಿದ್ದಾಗ ಅದು ಹರಿಯದೆ ಚರ್ಮವನ್ನು ಕೊಯ್ಯುತ್ತದೆ. ಹತ್ತಿ ಸುತ್ತಿದ ಪಾಲಿಯೆಸ್ಟರ್ ನೂಲು ಸರಿ.

ಉಣ್ಣೆಯ ಪಟ್ಟಿಗಳಿಗೆ ಅಂಗಡಿಯವರು ರಿಬ್ ಎನ್ನುತ್ತಾರೆ. ಇವು ಸಡಿಲಾದ ದಿನ ಜಾಕೆಟ್ ಗಾಳಿ ತಡೆಯುವುದನ್ನು ನಿಲ್ಲಿಸುತ್ತದೆ, ಆದ್ದರಿಂದ ಅಂದಕ್ಕಿಂತ ಮೊದಲು ಇದನ್ನು ನೋಡಬೇಕು. ಅಕ್ರಿಲಿಕ್ ರಿಬ್ ಅಗ್ಗ, ಆದರೆ ಒಂದೆರಡು ಚಳಿಗಾಲಕ್ಕೆ ಜೋತುಬೀಳುತ್ತದೆ. ಉಣ್ಣೆ ಹೆಚ್ಚಿರುವುದನ್ನೇ ತನ್ನಿ. ಆನ್‌ಲೈನ್‌ನಲ್ಲಿ ಸಿದ್ಧ ಸೆಟ್‌ಗಳಿವೆ. ಚಳಿಗಾಲದಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ ಟಿಬೆಟನ್ನರು ಇಡುವ ಉಣ್ಣೆಬಟ್ಟೆಯ ಅಂಗಡಿಗಳಲ್ಲಿ ದಪ್ಪ ರಿಬ್ ಇರುವ ಸ್ವೆಟರ್ ಕೊಂಡು ಕತ್ತರಿಸುವುದು ಇನ್ನೊಂದು ದಾರಿ. ಹೊಲಿಯುವಾಗ ಪಟ್ಟಿ ಚರ್ಮದ ಅಂಚಿಗಿಂತ ಸುಮಾರು ಕಾಲುಭಾಗ ಗಿಡ್ಡ ಇರಬೇಕು. ಎರಡನ್ನೂ ನಾಲ್ಕು ಸಮಭಾಗ ಮಾಡಿ ಗುರುತು ಹಾಕಿ, ಗುರುತಿಗೆ ಗುರುತು ಕೂಡಿಸಿ, ಪಟ್ಟಿಯನ್ನು ಎಳೆಯುತ್ತ ಹೊಲಿಯಬೇಕು. ಇಲ್ಲವಾದರೆ ಒಂದು ಕಡೆ ನೆರಿಗೆ, ಇನ್ನೊಂದು ಕಡೆ ಬಿಗಿ.

ಅಸ್ತರ ಹಾಕುವುದು ಊರಿನ ಯಾವ ಒಳ್ಳೆಯ ಟೇಲರಿಗೂ ಬರುವ ಕೆಲಸ. ಹಳೆಯದನ್ನು ಹರಿಯದಂತೆ ಬಿಚ್ಚಿಸಿ, ಅದನ್ನೇ ಮಾದರಿಯಾಗಿಟ್ಟು ಕತ್ತರಿಸಲು ಹೇಳಿ. ಹತ್ತಿ ಬಟ್ಟೆಯನ್ನು ಮೊದಲೇ ನೆನೆಸಿ ಒಣಗಿಸಿರಿ, ಕುಗ್ಗುವುದು ಕತ್ತರಿಸುವ ಮುನ್ನವೇ ಆಗಿಹೋಗಲಿ. ಚರ್ಮ ಹರಿದಲ್ಲಿ ಮೇಲಿನಿಂದ ತೇಪೆ ಬೇಡ. ಅಸ್ತರ ಬಿಚ್ಚಿದ ಹೊತ್ತಿನಲ್ಲೇ ಒಳಗಿನಿಂದ ತೆಳು ಚರ್ಮದ ತುಂಡನ್ನು, ಚಪ್ಪಲಿ ಹೊಲಿಯುವವರು ಬಳಸುವ ರಬ್ಬರ್ ಸೊಲ್ಯೂಶನ್‌ನಿಂದ ಅಂಟಿಸಬೇಕು. ಕ್ಷಣದಲ್ಲಿ ಹಿಡಿಯುವ ಗಟ್ಟಿ ಅಂಟು ಕಲ್ಲಾಗಿ, ಮಡಿಕೆಯಲ್ಲಿ ಒಡೆದು, ಗಾಯವನ್ನು ದೊಡ್ಡದು ಮಾಡುತ್ತದೆ. ಚರ್ಮದ ಕೆಲಸ ಬಲ್ಲವರಿಗೆ ಹರಿದದ್ದನ್ನು, ಟೇಲರಿಗೆ ಅಸ್ತರವನ್ನು, ಬ್ಯಾಗ್ ದುರಸ್ತಿಯವರಿಗೆ ಜಿಪ್ಪನ್ನು ಕೊಡಿ. ಎಲ್ಲವನ್ನೂ ಮಾಡುತ್ತೇನೆ ಎನ್ನುವ ಒಬ್ಬರಿಗಿಂತ ತಮ್ಮ ಕೆಲಸವಷ್ಟೇ ಮಾಡುವ ಮೂವರು ವಾಸಿ.

ಇಷ್ಟೆಲ್ಲ ಖರ್ಚು ಮಾಡುವ ಬದಲು ಹೊಸದನ್ನೇ ಕೊಳ್ಳಬಾರದೇ? ಹೊಸದು ಯಾವುದು ಎಂಬುದರ ಮೇಲೆ ಉತ್ತರವಿದೆ. ಅದೇ ಬೆಲೆಯ ಹೊಸದು ಹೆಚ್ಚಾಗಿ ತೆಳು ಚರ್ಮದ್ದೋ ರೆಗ್ಜಿನ್ನೋ ಆಗಿರುತ್ತದೆ, ಅದರ ಬಾಳಿಕೆ ಜಿಪ್ ಕೆಡುವವರೆಗೆ. ಒಳ್ಳೆಯ ಪ್ರತಿಕೃತಿಯಾದರೆ ಚರ್ಮ ಎರಡು ಮೂರು ಸಲ ಅಸ್ತರ ಬದಲಿಸುವವರೆಗೂ ಉಳಿಯುತ್ತದೆ. ಆದರೂ ಲೆಕ್ಕ ಹಾಕದೆ ಇಳಿಯಬೇಡಿ: ಕೊಂಡ ಬೆಲೆ, ಜಿಪ್, ರಿಬ್, ಅಸ್ತರ, ಮಜೂರಿ ಕೂಡಿಸಿ, ಅದೇ ಗುಣಮಟ್ಟದ ಹೊಸ ಜಾಕೆಟಿನ ಅರ್ಧ ಬೆಲೆ ದಾಟಿದರೆ ಬಿಡಿ. ಜಿಪ್, ರಿಬ್, ಅಸ್ತರ ಮೂರೂ ಒಟ್ಟಿಗೆ ಕೆಟ್ಟಿರುವ ಜಾಕೆಟ್ ಈ ಲೆಕ್ಕದಲ್ಲಿ ಎಂದೂ ಗೆಲ್ಲುವುದಿಲ್ಲ. ವರ್ಷದ ಎಂಟು ತಿಂಗಳು ಸೆಕೆ ಇರುವ ಊರಿಗೆ ಇದೇಕೆ ಎಂಬ ಇನ್ನೊಂದು ಆಕ್ಷೇಪಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ನಸುಕಿಗೆ ಬೈಕ್ ಹತ್ತದವರಿಗೆ ಇದು ಬೇಡ, ಒಂದು ಒಳ್ಳೆಯ ಸ್ವೆಟರ್ ಸಾಕು. ಬೇಕಾದವರಿಗೂ ವರ್ಷಕ್ಕೆ ಮೂರು ತಿಂಗಳಿಗಿಂತ ಹೆಚ್ಚಿನ ಕೆಲಸವಿಲ್ಲ. ಅದಕ್ಕೇ ಹೊಸದರ ಬೆಲೆ ಕೊಡುವುದು ದಂಡ ಎನ್ನುವುದು.

ಉಳಿದ ಒಂಬತ್ತು ತಿಂಗಳು ಇಡುವುದು ಹೇಗೆ ಎಂಬುದು ಆಗ ಮುಖ್ಯವಾಗುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ತೇವ ಕಟ್ಟಿ ಬೂಷ್ಟು ಬರುತ್ತದೆ. ಅಗಲ ಭುಜದ ಹ್ಯಾಂಗರಿಗೆ ಹಾಕಿ, ಹಳೆಯ ಹತ್ತಿ ಪಂಚೆ ಹೊದಿಸಿ. ಬೇವಿನೆಲೆ ನುಸಿಯನ್ನು ದೂರವಿಡಬಹುದು, ಕೊಲ್ಲುವುದಿಲ್ಲ; ನುಸಿಗುಳಿಗೆ ಹಾಕಿದರೆ ಅದರ ನಾತ ಚರ್ಮಕ್ಕೆ ಹಿಡಿದು ಬಿಡುವುದಿಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೊರತೆಗೆದು ಗಾಳಿಗೆ ಹಾಕಿ, ಬಿಸಿಲಿಗೆ ಅಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಕೊಣ್ಣೂರಿಗೆ ನುಗ್ಗಿದ್ದನ್ನು ಕಂಡ ಹೊಳೆದಂಡೆಯವರಿಗೆ ಬೇರೆ ಹೇಳಬೇಕಿಲ್ಲ, ಪೆಟ್ಟಿಗೆಯ ತಳದಲ್ಲಿ ಇಡುವುದಕ್ಕಿಂತ ಎತ್ತರದ ಗೂಟ ಮೇಲು. ಒಂದು ವೇಳೆ ಪೂರ್ತಿ ನೆನೆದರೆ ಅಸ್ತರ ಹೊರಮುಖ ಮಾಡಿ, ಒಳಗೆ ಹಳೆಯ ಪತ್ರಿಕೆಯ ಬದಲು ಬಿಳಿ ಬಟ್ಟೆ ತುಂಬಿ ನೆರಳಿನಲ್ಲಿ ನಿಧಾನ ಒಣಗಿಸಿ. ಪತ್ರಿಕೆಯ ಮಸಿ ಚರ್ಮಕ್ಕೆ ಹತ್ತುತ್ತದೆ.

ಕೊಳ್ಳಲು ಒಳ್ಳೆಯ ಕಾಲ ಏಪ್ರಿಲ್, ಮೇ. ಬಿರುಬಿಸಿಲಿನಲ್ಲಿ ಜಾಕೆಟ್ ಕೇಳುವವರಿಲ್ಲದೆ ಮಾರುವವರು ಚೌಕಾಶಿಗೆ ಬಗ್ಗುತ್ತಾರೆ, ಮದುವೆಯ ಹಂಗಾಮು ಮುಗಿದ ಮೇಲೆ ಟೇಲರುಗಳಿಗೂ ಬಿಡುವಿರುತ್ತದೆ. ದೀಪಾವಳಿಯ ಹೊತ್ತಿಗೆ ಅದನ್ನು ಒಯ್ದುಕೊಟ್ಟರೆ ನಿಮ್ಮ ಸರದಿ ಬರುವಷ್ಟರಲ್ಲಿ ಚಳಿಗಾಲವೇ ಮುಗಿದಿರುತ್ತದೆ.